ಬಾಗಿನವೂ ಭಾಗವೂ

ಭಾದ್ರಪದ ಶುದ್ಧ ತದಿಗೆ ಸಮೀಪಿಸಿತೆಂದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಒಡಹುಟ್ಟಿದ ಹೆಣ್ಣುಮಕ್ಕಳ ನೆನಪು ಮನೆಮನೆಯಲ್ಲಿಯೂ ಮೂಡುತ್ತದೆ. ಅರಿಶಿನ, ಕುಂಕುಮ, ಬಳೆ, ರವಿಕೆಯ ಕಣ, ತೆಂಗಿನಕಾಯಿ, ಧಾನ್ಯಗಳನ್ನು ಹೊಸ ಮೊರದಲ್ಲಿರಿಸಿ ಅಕ್ಕತಂಗಿಯರಿಗೆ ಅರ್ಪಿಸುವ ಈ ಪದ್ಧತಿಯಷ್ಟು ಸುಂದರವಾದುದು ಗೃಹಸ್ಥಜೀವನದಲ್ಲಿ ಬೇರೊಂದಿಲ್ಲ. ಆದರೆ ಅದೇ ಅಕ್ಕತಂಗಿಯರನ್ನು ವರ್ಷದ ಮತ್ತಾವುದೋ ಒಂದು ದಿನ ಅದೇ ಅಣ್ಣತಮ್ಮಂದಿರು ತಾಲ್ಲೂಕು ಕೇಂದ್ರಕ್ಕೆ ಕರೆಸಿಕೊಳ್ಳುತ್ತಾರೆ. ಹೋಟೆಲಿನಲ್ಲಿ ಉಪಚಾರವಾಗುತ್ತದೆ, ಕೈಗೊಂದು ಸೀರೆ ಬರುತ್ತದೆ, ಪತ್ರಬರಹಗಾರನು ಸಿದ್ಧಪಡಿಸಿಟ್ಟ ಹಕ್ಕು ಖುಲಾಸೆ ಪತ್ರಕ್ಕೆ ಆಕೆಯ ರುಜುವೋ ಹೆಬ್ಬೆಟ್ಟೋ ಬೀಳುತ್ತದೆ. ಪತ್ರದಲ್ಲಿ ಏನಿದೆಯೆಂದು ಆಕೆ ಕೇಳುವುದಿಲ್ಲ. ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆ.

ಬಾಗಿನ ಮತ್ತು ಭಾಗ ಎಂಬ ಈ ಎರಡು ಮಾತುಗಳು ಕಿವಿಗೆ ಹತ್ತಿರದವು. ಹುಟ್ಟಿನಲ್ಲಿಯೂ ಅರ್ಥದಲ್ಲಿಯೂ ದೂರದವು. ಬಾಗಿನವೆಂಬುದು ಸಂಸ್ಕೃತದ ‘ವಾಯನ’ ಶಬ್ದದ ತದ್ಭವ. ವ್ರತದ ಅಂಗವಾಗಿ ಪ್ರೀತಿಯಿಂದ ಕೊಡುವ ಕೊಡುಗೆ. ಭಾಗವೆಂಬುದು ಹಂಚುವುದೆಂಬ ಅರ್ಥದ ‘ಭಜ್’ ಧಾತುವಿನಿಂದ ಬಂದುದು. ಕೊಡುಗೆಯು ಕೊಡುವವನ ಮನಸ್ಸನ್ನು ಅವಲಂಬಿಸಿದೆ. ಆತನು ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ಭಾಗವಾದರೋ ಪಡೆಯುವವಳದೇ ಆದುದು. ಅದನ್ನು ಯಾರೂ ಕೊಡಬೇಕಾದುದಿಲ್ಲ, ತಡೆಯದಿದ್ದರೆ ಸಾಕು. ಸ್ತ್ರೀಯರ ಆಸ್ತಿಹಕ್ಕನ್ನು ಕುರಿತಾಗಲಿ ಮಹಿಳಾ ಮೀಸಲಾತಿಯನ್ನು ಕುರಿತಾಗಲಿ ನಡೆಯುವ ವಾದವಿವಾದಗಳೆಲ್ಲದರ ಮೂಲದೋಷವು ಈ ಎರಡನ್ನೂ ಒಂದೆಂದು ಬಗೆದುದರಲ್ಲಿದೆ. ಭಾಗವನ್ನು ಕೇಳಿದವಳಿಗೆ ಬಾಗಿನವನ್ನು ತೋರಿಸುವುದೇ ಪರಿಪಾಠವಾಗಿಬಿಟ್ಟಿದೆ.

ಹೆಣ್ಣಿಗೆ ಪಾಲು ಕೊಡುವುದು ಪರದೇಶದಿಂದ ಬಂದ ಹೊಸ ವಿಚಾರವೆಂದೂ ಶಾಸ್ತ್ರಸಂಪ್ರದಾಯಗಳಿಗೆ ವಿರುದ್ಧವಾದುದೆಂದೂ ವಾದಿಸುವವರು ಕನ್ನಡ ನಾಡಿನ ಚರಿತ್ರೆಯನ್ನೇ ಮರೆತಿದ್ದಾರೆಂದು ಹೇಳಬೇಕಾಗುತ್ತದೆ. ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ದಾಯವಿಭಾಗಕ್ಕೆ ಪ್ರಮಾಣವಾಗಿದ್ದ ‘ಮಿತಾಕ್ಷರಾ’ ಗ್ರಂಥವು ಹುಟ್ಟಿದ್ದು ಕನ್ನಡದ ಕಲ್ಯಾಣದಲ್ಲಿ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076-1126) ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ವ್ಯಾಖ್ಯಾನವದು. ಜನ್ಮಮಾತ್ರದಿಂದಲೇ ಮಗನಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಬರುತ್ತದೆಂಬ ಅದರ ಸಿದ್ಧಾಂತವನ್ನು ಎಲ್ಲರೂ ಬಲ್ಲರು. ಆದರೆ ತಂದೆಯ ತರುವಾಯ ಸೋದರರು ವಿಭಾಗ ಮಾಡಿಕೊಳ್ಳುವಾಗ ಮದುವೆಯಾಗದ ಸೋದರಿಗೆ ಕಾಲು ಪಾಲು ಸಲ್ಲಬೇಕೆಂಬ ಸ್ಮೃತಿವಾಕ್ಯವನ್ನು ಕೆಲವರು ಮದುವೆಯ ಖರ್ಚೆಂದು ಕುಗ್ಗಿಸಿ ಹೇಳುತ್ತಿದ್ದಾಗ, ಅದು ಖರ್ಚಲ್ಲ, ನಿಜವಾದ ಪಾಲೇ ಎಂದು ವಿಜ್ಞಾನೇಶ್ವರನು ಎತ್ತಿಹಿಡಿದುದನ್ನು ಬಲ್ಲವರು ವಿರಳ. ಸ್ತ್ರೀಧನವೆಂದರೆ ಒಡವೆವಸ್ತುಗಳಷ್ಟೇ ಅಲ್ಲ. ದಾಯವಾಗಿ ಬಂದುದು, ಕ್ರಯಕ್ಕೆ ಕೊಂಡುದು, ವಿಭಾಗದಲ್ಲಿ ದೊರೆತುದು ಎಲ್ಲವೂ ಸ್ತ್ರೀಧನವೇ ಎಂದು ಆತನು ಅರ್ಥವನ್ನು ಹಿಗ್ಗಿಸಿದನು. ಮುಂದೆ ಆಂಗ್ಲರ ಕಾಲದಲ್ಲಿ ಪ್ರಿವಿ ಕೌನ್ಸಿಲಿನ ತೀರ್ಪುಗಳು ಆ ಹಿಗ್ಗನ್ನು ಮತ್ತೆ ಕುಗ್ಗಿಸಿದವು. ವಿಜ್ಞಾನೇಶ್ವರನು ಹೆಣ್ಣಿಗೆ ಸಮಪಾಲನ್ನು ವಿಧಿಸಿದನೆಂದು ಹೇಳಿದರೆ ಅಸತ್ಯವಾದೀತು. ಆದರೆ ಒಂಬತ್ತು ನೂರು ವರ್ಷಗಳ ಹಿಂದಿನ ಆ ಪಂಡಿತನು ಕಾಲು ಪಾಲನ್ನಾದರೂ ಪಾಲೆಂದೇ ಕರೆದನು, ಬಾಗಿನವೆಂದು ಕರೆಯಲಿಲ್ಲ.

ಅದೇ ಕಲ್ಯಾಣದಲ್ಲಿ ಕೆಲವೇ ದಶಕಗಳ ತರುವಾಯ ಬಸವಾದಿ ಪ್ರಮಥರ ಮಹಾಕ್ರಾಂತಿ ನಡೆಯಿತು. ಶಾಸ್ತ್ರಕಾರನು ಕಾಲಂಶಕ್ಕೆ ನಿಲ್ಲಿಸಿದುದನ್ನು ಶರಣರು ಪೂರ್ಣಾಂಶಕ್ಕೆ ಕೊಂಡೊಯ್ದರು. ಇಷ್ಟಲಿಂಗಧಾರಣೆಯಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಮುಟ್ಟುಮೈಲಿಗೆಗಳೆಂಬ ಸೂತಕಗಳು ಲಿಂಗಾಂಗಿಗಿಲ್ಲ. ಕಾಯಕವು ಇಬ್ಬರಿಗೂ ಸಮಾನ. ಅಕ್ಕಮಹಾದೇವಿ, ಮುಕ್ತಾಯಕ್ಕ, ಸತ್ಯಕ್ಕ, ನೀಲಾಂಬಿಕೆ, ಆಯ್ದಕ್ಕಿ ಲಕ್ಕಮ್ಮ ಮೊದಲಾದ ಮೂವತ್ತಕ್ಕೂ ಹೆಚ್ಚು ಮಂದಿ ವಚನಕಾರ್ತಿಯರು ಮಾತಿನ ಮೇಲಿನ ತಮ್ಮ ಅಧಿಕಾರವನ್ನು ಯಾರಿಂದಲೂ ಬೇಡಿ ಪಡೆಯಲಿಲ್ಲ. ಅನುಭವಮಂಟಪದಲ್ಲಿ ಹೆಣ್ಣಿಗಿದ್ದ ಸ್ಥಾನವನ್ನು ಉತ್ಸವದ ವೇದಿಕೆಗಳಲ್ಲಿ ಉಗ್ಗಡಿಸುವ ಸಮಾಜವು ಆಸ್ತಿಯ ವಿಷಯ ಬಂದಾಗ ಮಾತ್ರ ಮೌನ ವಹಿಸುವುದು ವಿಚಾರಮಾಡತಕ್ಕ ಸಂಗತಿಯಾಗಿದೆ. ಲಿಂಗಾಧಿಕಾರದಲ್ಲಿ ಸಮಾನಳಾದವಳು ಮೂರು ಎಕರೆ ಹಿಪ್ಪುನೇರಳೆ ತೋಟದಲ್ಲಿ ಅಸಮಾನಳಾಗುವುದು ಹೇಗೆ?

ಕಾಯಿದೆಯ ಚರಿತ್ರೆಯಲ್ಲಿಯೂ ಈ ಸೀಮೆಗೆ ಹೆಮ್ಮೆಯ ಸ್ಥಾನವುಂಟು. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಜಾರಿಗೆ ತಂದು ವಿಧವೆಗೆ, ತಾಯಿಗೆ, ಅವಿವಾಹಿತೆಯಾದ ಮಗಳಿಗೆ ಕುಟುಂಬದ ವಿಭಾಗದಲ್ಲಿ ಅಂಶವನ್ನು ಗೊತ್ತುಪಡಿಸಿತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರಿಗೆ ಸೀಮಿತವಾದ ಹಕ್ಕನ್ನು ಕೊಟ್ಟ ಕಾಯಿದೆ ಬಂದದ್ದು 1937ರಲ್ಲಿ. ಸ್ವಾತಂತ್ರ್ಯಾನಂತರ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಹೆಣ್ಣು ತಾನು ಹೊಂದಿದ ಸ್ವತ್ತಿಗೆ ತಾನೇ ಪೂರ್ಣ ಒಡತಿಯೆಂದು ಸಾರಿತು. ವೀರಶೈವರಿಗೂ ಲಿಂಗಾಯತರಿಗೂ ಈ ಕಾಯಿದೆ ಅನ್ವಯಿಸುತ್ತದೆಂದು ಅದರ ಎರಡನೆಯ ಕಲಮಿನಲ್ಲಿಯೇ ಹೆಸರು ಹಿಡಿದು ಹೇಳಲಾಗಿದೆ. ಆದರೆ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಜನ್ಮಸಿದ್ಧ ಹಕ್ಕು ಗಂಡುಮಕ್ಕಳಿಗೆ ಮಾತ್ರವೇ ಉಳಿದುಬಂದಿತು.

ಇಲ್ಲಿ ಗಡಿನಾಡಿನವರಿಗೆ ಮಾತ್ರ ಮನಗಾಣುವಂಥ ಒಂದು ವಿಚಿತ್ರ ನಡೆಯಿತು. ಗೌರಿಬಿದನೂರಿನಿಂದ ಹಿಂದೂಪುರಕ್ಕೆ ರೈಲಿನಲ್ಲಿ ಕೆಲವೇ ನಿಲ್ದಾಣಗಳ ದೂರ. ಚಿಂತಾಮಣಿಯ ಜನರಿಗೆ ಮದನಪಲ್ಲಿ ನೆರೆಯ ಪೇಟೆ. ಕೊಳುಕೊಡೆಗಳು ಗಡಿಯನ್ನು ಲಕ್ಷಿಸದೆ ನಡೆಯುತ್ತವೆ. ಆಂಧ್ರಪ್ರದೇಶವು ತನ್ನ ತಿದ್ದುಪಡಿಯ ಮೂಲಕ 1985ರ ಸೆಪ್ಟೆಂಬರ್ 5ರಿಂದ ಮಗಳಿಗೂ ಮಗನಂತೆಯೇ ಜನ್ಮಸಿದ್ಧ ಹಕ್ಕನ್ನು ಕೊಟ್ಟಿತು. ಕರ್ನಾಟಕದಲ್ಲಿ ಅಂಥದೇ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30ರಂದು. ಸುಮಾರು ಒಂಬತ್ತು ವರ್ಷಗಳ ಕಾಲ ಗಡಿಯ ಆಚೆಯಿಂದ ಬಂದ ಸೊಸೆಗೆ ತವರಿನಲ್ಲಿದ್ದ ಹಕ್ಕು ಅದೇ ಮನೆಯ ಮಗಳಿಗೆ ತನ್ನ ತವರಿನಲ್ಲಿಯೇ ಇರಲಿಲ್ಲ! ಅಷ್ಟೇ ಅಲ್ಲ, ಎರಡೂ ರಾಜ್ಯಗಳು ಕಾಯಿದೆ ಜಾರಿಗೆ ಬರುವ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟವು. ಒಂದೇ ತಾಯಿಯ ಮಕ್ಕಳಲ್ಲಿ ಅಕ್ಕನಿಗೆ ಇಲ್ಲದ ಹಕ್ಕು ತಂಗಿಗೆ ಬಂದಿತು. ಸಂಸತ್ತು ಮಾಡಿದ ತಿದ್ದುಪಡಿಯು 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದು ಈ ಭೇದವನ್ನು ತೊಡೆದುಹಾಕಿತು. ಆ ದಿನಕ್ಕೆ ತಂದೆಯು ಬದುಕಿರಬೇಕೇ ಎಂಬ ಪ್ರಶ್ನೆಗೆ, ಕರ್ನಾಟಕದಿಂದಲೇ ಹೋದ ಮೇಲ್ಮನವಿಯೊಂದರಲ್ಲಿ ಸುಪ್ರೀಂ ಕೋರ್ಟು 2015ರಲ್ಲಿ ಹೌದೆಂದಿತು. 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠವು ಆ ಅಭಿಪ್ರಾಯವನ್ನು ಬದಿಗೊತ್ತಿ, ಹಕ್ಕು ಜನ್ಮದಿಂದ ಬಂದುದಾದಕಾರಣ ತಂದೆ ಬದುಕಿರಬೇಕಾದ ನಿಯಮವಿಲ್ಲವೆಂದು ನಿರ್ಣಯಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನಡೆದುಹೋದ ವಿಭಾಗಗಳನ್ನು ಮಾತ್ರ ಕಾಯಿದೆ ಕದಲಿಸುವುದಿಲ್ಲ.

ಕಾಯಿದೆಯ ದಾರಿ ಹೀಗೆ ನೇರವಾಯಿತು. ಆದರೆ ಕಾಯಿದೆಯು ಪುಸ್ತಕದಿಂದ ಪಹಣಿಗೆ ಇಳಿಯಬೇಕಾದರೆ ನಡುವೆ ಹಲವು ತೊಡಕುಗಳಿವೆ. ಮೊದಲನೆಯದು ವಂಶವೃಕ್ಷ. ತಂದೆ ತೀರಿಕೊಂಡ ಮೇಲೆ ಪೌತಿ ಖಾತೆಗಾಗಿ ಸಲ್ಲಿಸುವ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟುಬಿಡುವ ಉದಾಹರಣೆಗಳು ಅಪರೂಪವಲ್ಲ. ವೃಕ್ಷವು ಗಂಡುಕೊಂಬೆಗಳಿಂದಲೇ ಬೆಳೆಯಿತೆಂದು ಸರ್ಕಾರಿ ಕಾಗದದ ಮೇಲೆ ಪ್ರಮಾಣ ಮಾಡಲಾಗುತ್ತದೆ. ಎರಡನೆಯದು ಮೇಲೆ ಹೇಳಿದ ಖುಲಾಸೆ ಪತ್ರ. ಮೂರನೆಯದು, ಸ್ವಯಾರ್ಜಿತ ಸ್ವತ್ತನ್ನೆಲ್ಲ ಗಂಡುಮಕ್ಕಳಿಗೇ ಬರೆದಿಡುವ ಮರಣಶಾಸನ. ದೇವನಹಳ್ಳಿಯ ಬಳಿ 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ತರುವಾಯ ಚಿಕ್ಕಬಳ್ಳಾಪುರದ ಸುತ್ತಣ ಭೂಮಿಯ ಬೆಲೆ ಏರಿತು. ಬೆಲೆ ಏರಿದಂತೆಲ್ಲ ಖುಲಾಸೆ ಪತ್ರಗಳ ಆತುರವೂ ಏರಿತು. ರಾಗಿ ಹುರುಳಿಗಳ ಹೊಲವಾಗಿದ್ದಾಗ ಯಾರೂ ಕೇಳದಿದ್ದ ತಂಗಿಯ ರುಜುವು ನಿವೇಶನವಾಗುವ ಹೊತ್ತಿಗೆ ಅಮೂಲ್ಯವಾಯಿತು.

ಆ ರುಜುವಿನ ಹಿಂದಿರುವ ದುಡಿಮೆಯನ್ನು ತೂಗಿನೋಡುವವರು ಯಾರು? ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಪ್ರಸಿದ್ಧವಾದುದು. ಆ ಮಾರುಕಟ್ಟೆಗೆ ಗೂಡು ತಂದು ಹರಾಜಿಗೆ ಸುರಿಯುವವನು ಸಾಮಾನ್ಯವಾಗಿ ಮನೆಯ ಗಂಡಸು. ಆದರೆ ಹುಳು ಚಾಕಿಯಿಂದ ಹಣ್ಣಾಗುವವರೆಗೆ, ನಾಲ್ಕು ಜ್ವರಗಳನ್ನು ದಾಟುವವರೆಗೆ, ಹೊತ್ತುಹೊತ್ತಿಗೆ ಸೊಪ್ಪು ಕೊಯ್ದು ಹರಡಿದವಳು, ನಡುರಾತ್ರಿ ಎದ್ದು ತಟ್ಟೆ ನೋಡಿದವಳು, ಹಣ್ಣು ಹುಳುವನ್ನು ಆಯ್ದು ಚಂದ್ರಿಕೆಗೆ ಬಿಟ್ಟವಳು ಬಹುತೇಕ ಮನೆಗಳಲ್ಲಿ ಹೆಂಗಸು. ಮದುವೆಗೆ ಮುಂಚೆ ತವರಿನ ಹುಳುಮನೆಯಲ್ಲಿ ದುಡಿದಳು. ಮದುವೆಯ ಮೇಲೆ ಗಂಡನ ಹುಳುಮನೆಯಲ್ಲಿ ದುಡಿದಳು. ಎರಡೂ ತೋಟಗಳ ಪಹಣಿಯಲ್ಲಿ ಆಕೆಯ ಹೆಸರಿಲ್ಲ. ಭೂಸುಧಾರಣೆಯ ಕಾಲದಲ್ಲಿ, 1974ರಲ್ಲಿ, ‘ಉಳುವವನೇ ಒಡೆಯ’ ಎಂಬ ಘೋಷಣೆ ನಾಡಿನಲ್ಲೆಲ್ಲ ಮೊಳಗಿತು. ಘೋಷಣೆ ನ್ಯಾಯವಾದುದೇ, ಆದರೆ ವ್ಯಾಕರಣ ಬಲ್ಲವರಿಗೆ ಅಲ್ಲಿ ಪುಲ್ಲಿಂಗ ಮಾತ್ರವೇ ಕಾಣುತ್ತದೆ. ನೇಗಿಲು ಹಿಡಿದವನು ಒಡೆಯನಾದನು. ನಾಟಿ ಹಾಕಿ ಕಳೆ ತೆಗೆದವಳು ಒಡತಿಯಾಗಲಿಲ್ಲ. ಹೆಸರಿಲ್ಲದವಳಿಗೆ ಬ್ಯಾಂಕಿನ ಸಾಲವಿಲ್ಲ, ಬೆಳೆವಿಮೆಯಿಲ್ಲ; ಗಂಡ ತೀರಿಕೊಂಡರೆ ಮೈದುನರ ಕೃಪೆಯೇ ಗತಿ.

ಸ್ತ್ರೀಹಕ್ಕಿಗೆ ವಿರುದ್ಧವಾಗಿ ಹೇಳುವ ಮಾತುಗಳನ್ನು ಅಲಕ್ಷಿಸತಕ್ಕದ್ದಲ್ಲ. ಮಗಳ ಮದುವೆಗೆ ಸಾಲ ಮಾಡಿ ಕೊಟ್ಟುದೇ ಪಾಲಾಯಿತಲ್ಲವೇ ಎನ್ನುವುದು ಒಂದು ವಾದ. ವರದಕ್ಷಿಣೆ 1961ರಿಂದ ನಿಷಿದ್ಧವಾದುದು. ಕೊಟ್ಟರೂ ಅದು ಸೇರುವುದು ಅಳಿಯನ ಮನೆಯನ್ನು, ಮಗಳ ಕೈಯನ್ನಲ್ಲ. ಒಂದು ಅಪರಾಧವನ್ನು ಮಾಡಿ ಅದನ್ನೇ ಮತ್ತೊಂದು ಹಕ್ಕಿನ ಸಂದಾಯವೆಂದು ಲೆಕ್ಕ ಬರೆಯುವುದು ಯಾವ ನ್ಯಾಯ? ಹಿಡುವಳಿ ತುಂಡುತುಂಡಾಗುತ್ತದೆ ಎನ್ನುವುದು ಎರಡನೆಯ ವಾದ. ಐವರು ಗಂಡುಮಕ್ಕಳು ಹಂಚಿಕೊಂಡಾಗ ತುಂಡಾಗದ ನೆಲವು ಮಗಳೊಬ್ಬಳು ಸೇರಿದಾಗಲೇ ತುಂಡಾಗುತ್ತದೆಯೇ? ಒಡಹುಟ್ಟಿದವರ ಪ್ರೀತಿ ಕೆಡುತ್ತದೆ ಎನ್ನುವುದು ಮೂರನೆಯದು. ಇದು ಮಾತ್ರ ಹೃದಯವನ್ನು ಮುಟ್ಟುವಂಥದು. ನ್ಯಾಯಾಲಯದ ಮೆಟ್ಟಿಲೇರಿದ ಅಕ್ಕನನ್ನು ಸಾವಿನ ಸೂತಕಕ್ಕೂ ಕರೆಯದ ಮನೆಗಳಿವೆ. ಆದರೆ ಅಲ್ಲಿ ಪ್ರೀತಿಯನ್ನು ಕೆಡಿಸಿದವರು ಕೇಳಿದವರೋ ಕೊಡದವರೋ ಎಂಬುದನ್ನು ನಿಷ್ಪಕ್ಷಪಾತವಾಗಿ ಆಲೋಚಿಸಬೇಕು. ತಿಳಿದು ತಿಳಿದು, ಮನಸಾರೆ, ತನ್ನ ಪಾಲನ್ನು ಬಡ ತಮ್ಮನಿಗೆ ಬಿಟ್ಟುಕೊಡುವ ಅಕ್ಕ ಪೂಜ್ಯಳು. ಅದು ಆಕೆಯ ತ್ಯಾಗ. ತನ್ನದೆಂದು ಅರಿಯದುದನ್ನು ಬಿಡಿಸಿಕೊಂಡರೆ ಅದು ತ್ಯಾಗವಲ್ಲ, ವಂಚನೆ.

ಆಸ್ತಿಯ ಹಕ್ಕಿನಂತೆಯೇ ಸ್ಥಾನದ ಹಕ್ಕನ್ನು ಕುರಿತ ಚರ್ಚೆಗೂ ಈ ಸೀಮೆಯಲ್ಲಿ ಹಳೆಯ ಬೇರುಗಳಿವೆ. ಮೀಸಲಾತಿಯಿಂದ ಅರ್ಹತೆಗೆ ಹಾನಿಯೆಂಬ ವಾದವನ್ನು ಅತ್ಯಂತ ಪ್ರಾಮಾಣಿಕವಾಗಿಯೂ ಗಂಭೀರವಾಗಿಯೂ ಮಂಡಿಸಿದವರು ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು. 1917ರಲ್ಲಿ ಸ್ಥಾಪಿತವಾದ ಪ್ರಜಾಮಿತ್ರ ಮಂಡಳಿಯು ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರಿಗೆ ಪ್ರಾತಿನಿಧ್ಯ ಬೇಕೆಂದು ಮಹಾರಾಜರಲ್ಲಿ ಅರಿಕೆ ಮಾಡಿಕೊಂಡಾಗ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಅದನ್ನು ಒಪ್ಪಲಿಲ್ಲ. ಅವರು ಆ ಪದವಿಯನ್ನು ತ್ಯಜಿಸಲು ಈ ಭಿನ್ನಾಭಿಪ್ರಾಯವೂ ಒಂದು ಕಾರಣವೆಂದು ಚರಿತ್ರಕಾರರು ಹೇಳುತ್ತಾರೆ. ಆ ಮಹನೀಯರ ನಿಸ್ಪೃಹತೆಯಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಏಳು ವರ್ಷಗಳೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಂತೆ ಹಿಂದುಳಿದ ಸಮುದಾಯಗಳಿಗೆ ಸ್ಥಾನ ದೊರೆಯಬೇಕೆಂದು ಮಿಲ್ಲರ್ ಸಮಿತಿ ಹೇಳಿದುದರ ಫಲವನ್ನು ಉಂಡ ಸಮುದಾಯಗಳಲ್ಲಿ ಲಿಂಗಾಯತ ಸಮಾಜವೂ ಒಂದೆಂಬುದನ್ನು ಮರೆಯಲಾಗದು. 1975ರಲ್ಲಿ ಹಾವನೂರ ಆಯೋಗದ ವರದಿಯು ಲಿಂಗಾಯತರನ್ನು ಹಿಂದುಳಿದ ವರ್ಗಗಳ ಪಟ್ಟಿಯಿಂದ ಹೊರಗಿಟ್ಟಾಗ ಇದೇ ಸಮಾಜವು ಆಕ್ಷೇಪಿಸಿತು. ಅವಕಾಶವಿಲ್ಲದೆ ಅರ್ಹತೆ ಬೆಳೆಯದೆಂಬ ವಾದವನ್ನು ತನ್ನ ಗಂಡುಮಕ್ಕಳಿಗಾಗಿ ಒಂದು ಶತಮಾನ ಕಾಲ ಹೂಡಿದವರು ಹೆಣ್ಣುಮಕ್ಕಳ ಸರದಿ ಬಂದಾಗ ವಿಶ್ವೇಶ್ವರಯ್ಯನವರ ವಾದವನ್ನು ಎರವಲು ತರುವುದು ಉಚಿತವಾಗದು.

ಸಂವಿಧಾನದ ಹದಿನೈದನೆಯ ಅನುಚ್ಛೇದವು ಲಿಂಗಭೇದವನ್ನು ನಿಷೇಧಿಸುತ್ತಲೇ ಸ್ತ್ರೀಯರಿಗಾಗಿ ವಿಶೇಷ ಏರ್ಪಾಡು ಮಾಡಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿದೆ. ಇದನ್ನು ಆಚರಣೆಗೆ ತಂದವರಲ್ಲಿ ಕರ್ನಾಟಕವು ಮುಂಚೂಣಿಯಲ್ಲಿತ್ತು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬರ ಶ್ರಮದಿಂದ ರೂಪುಗೊಂಡ 1983ರ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ಕಾಯಿದೆಯು ಸ್ತ್ರೀಯರಿಗೆ ನೂರಕ್ಕೆ 25 ಸ್ಥಾನಗಳನ್ನು ಮೀಸಲಿಟ್ಟಿತು. 1987ರಲ್ಲಿ ಚುನಾವಣೆ ನಡೆದು ಸಾವಿರಾರು ಹೆಂಗಸರು ಪಂಚಾಯಿತಿಯ ಕುರ್ಚಿಯನ್ನೇರಿದರು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿ ಈ ಪ್ರಮಾಣವನ್ನು ದೇಶಕ್ಕೆಲ್ಲ ಮೂರನೆಯ ಒಂದಂಶವೆಂದು ನಿಗದಿಮಾಡಿತು. ಕರ್ನಾಟಕವು 2010ರಲ್ಲಿ ಅದನ್ನು ಅರ್ಧಕ್ಕೇರಿಸಿತು. ಮೀಸಲಾತಿಯಿಲ್ಲದ ಕಡೆ ಏನಾಯಿತೆಂಬುದನ್ನು ವಿಧಾನಸಭೆಯೇ ತೋರಿಸುತ್ತದೆ. 1972ರಿಂದ 1978ರವರೆಗೆ ಕೆ. ಎಸ್. ನಾಗರತ್ನಮ್ಮನವರಂಥ ಸಮರ್ಥೆಯು ಸಭಾಧ್ಯಕ್ಷ ಪೀಠದಲ್ಲಿ ಕುಳಿತು ಕಲಾಪ ನಡೆಸಿದ ಸಭೆಗೆ 2023ರ ಚುನಾವಣೆಯಲ್ಲಿ 224 ಸ್ಥಾನಗಳಿಂದ ಗೆದ್ದು ಬಂದ ಮಹಿಳೆಯರು 10 ಮಂದಿ. ಯೋಗ್ಯತೆಯೊಂದೇ ದಾರಿ ತೋರುವುದಾದರೆ ಅರ್ಧ ಶತಮಾನದಲ್ಲಿ ಯೋಗ್ಯ ಸ್ತ್ರೀಯರು ಇಷ್ಟೇ ಮಂದಿ ಹುಟ್ಟಿದರೆಂದು ಒಪ್ಪಬೇಕಾಗುತ್ತದೆ!

ಎಚ್. ಡಿ. ದೇವೇಗೌಡರ ಪ್ರಧಾನಮಂತ್ರಿತ್ವದಲ್ಲಿ 1996ರ ಸೆಪ್ಟೆಂಬರಿನಲ್ಲಿ ಲೋಕಸಭೆಯ ಮುಂದೆ ಬಂದ ಮಹಿಳಾ ಮೀಸಲಾತಿ ಮಸೂದೆಯು ಇಪ್ಪತ್ತೇಳು ವರ್ಷಗಳ ತರುವಾಯ 2023ರಲ್ಲಿ ಸಂವಿಧಾನದ 106ನೆಯ ತಿದ್ದುಪಡಿಯಾಗಿ ಅಂಗೀಕಾರ ಪಡೆಯಿತು; ಜನಗಣತಿ ಮತ್ತು ಕ್ಷೇತ್ರ ಪುನರ್ವಿಂಗಡಣೆಗಳಾದ ಮೇಲೆ ಅದು ಕಾರ್ಯರೂಪಕ್ಕೆ ಬರಬೇಕೆಂಬ ಷರತ್ತನ್ನು ಅದರಲ್ಲಿಯೇ ಸೇರಿಸಲಾಯಿತು. ಅಷ್ಟು ಕಾಲ ಅದು ತಡೆದುದಕ್ಕೆ ಒಂದು ಮುಖ್ಯ ಕಾರಣ ಒಳಮೀಸಲಾತಿಯ ಪ್ರಶ್ನೆ. ಹಿಂದುಳಿದ ವರ್ಗಗಳ ಸ್ತ್ರೀಯರಿಗೆ ಪ್ರತ್ಯೇಕ ಅಂಶವಿಲ್ಲದಿದ್ದರೆ ಮೀಸಲಾದ ಸ್ಥಾನಗಳೆಲ್ಲ ಉಳ್ಳವರ ಮನೆಯ ಹೆಂಗಸರ ಪಾಲಾದೀತೆಂಬ ಶಂಕೆ ನಿರಾಧಾರವಾದುದಲ್ಲ. ರೀಲಿಂಗ್ ಘಟಕದ ಬಿಸಿನೀರಿನಲ್ಲಿ ಬೆರಳು ಬೇಯಿಸಿಕೊಳ್ಳುವ ಕೂಲಿಯವಳಿಗೂ ಗೌರಿಬಿದನೂರಿನ ಗಾರ್ಮೆಂಟ್ ಕಾರ್ಖಾನೆಯಲ್ಲಿ ಹೊಲಿಯುವವಳಿಗೂ ಆ ಸ್ಥಾನ ನಿಲುಕಬೇಕು. ಆದರೆ ಹಂಚುವ ಬಗೆಯಲ್ಲಿ ದೋಷವಿದ್ದರೆ ತಿದ್ದಬೇಕಾದುದು ಹಂಚುವ ಬಗೆಯನ್ನೇ ಹೊರತು ಪಾಲನ್ನೇ ನಿರಾಕರಿಸುವುದಲ್ಲ.

ಅಧ್ಯಕ್ಷೆ ಹೆಸರಿಗೆ ಮಾತ್ರ, ಅಧಿಕಾರ ಗಂಡನದು ಎಂಬ ಆಕ್ಷೇಪವನ್ನು ಎಲ್ಲ ಕಡೆಯೂ ಕೇಳಬಹುದು. ಇದು ಅನೇಕ ಪಂಚಾಯಿತಿಗಳಲ್ಲಿ ಸತ್ಯವೂ ಹೌದು. ಆದರೆ ಇದಕ್ಕೆ ಕಾರಣವನ್ನು ಹುಡುಕಹೊರಟವರು ಮತ್ತೆ ಪಹಣಿಗೇ ಹಿಂದಿರುಗಬೇಕಾಗುತ್ತದೆ. ತನ್ನ ಹೆಸರಿನಲ್ಲಿ ಒಂದು ಗುಂಟೆ ನೆಲವಿಲ್ಲದವಳು, ಗಂಡ ಮುನಿದರೆ ನಿಲ್ಲಲು ತವರಿನಲ್ಲೊಂದು ಕೋಣೆಯ ಹಕ್ಕಿಲ್ಲದವಳು, ಪಂಚಾಯಿತಿಯ ಸಭೆಯಲ್ಲಿ ಗಂಡನ ಮಾತನ್ನು ಮೀರಿ ಕೈಯೆತ್ತುವುದು ಹೇಗೆ? ಆಸ್ತಿಯಿಲ್ಲದ ಸ್ಥಾನವು ಬರಿಯ ಕುರ್ಚಿ. ಸ್ಥಾನವಿಲ್ಲದ ಆಸ್ತಿಯು ಕಾವಲಿಲ್ಲದ ತೋಟ. ಆದಕಾರಣ ಉತ್ತರಾಧಿಕಾರದ ಕಾಯಿದೆಯೂ ಮೀಸಲಾತಿಯೂ ಬೇರೆಬೇರೆ ಪ್ರಶ್ನೆಗಳಲ್ಲ. ಒಂದೇ ಬಂಡಿಯ ಎರಡು ಗಾಲಿಗಳು. ಒಂದನ್ನು ಕಳಚಿಟ್ಟು ಬಂಡಿ ಓಡುವುದಿಲ್ಲವೆಂದು ದೂರುವುದು ಸರಿಯಲ್ಲ.

ಇಂಥ ವಿಚಾರಕ್ಕೂ ವಿದ್ಯಾಸಂಸ್ಥೆಗೂ ಏನು ಸಂಬಂಧವೆಂದು ಕೇಳಬಹುದು. ಶ್ರೀಮಠಗಳು ಅನ್ನದಾಸೋಹದ ಜೊತೆಗೆ ಜ್ಞಾನದಾಸೋಹವನ್ನು ಕೈಗೊಂಡುದರಿಂದ ಹಳ್ಳಿಯ ಹೆಣ್ಣುಮಕ್ಕಳು ಅಕ್ಷರವಂತರಾದರು. ಆದರೆ ಹತ್ತನೆಯ ತರಗತಿಯಲ್ಲಿ ಸಂಧಿಸಮಾಸಗಳನ್ನು ಬಿಡಿಸಬಲ್ಲ ಹುಡುಗಿಗೆ ತನ್ನ ಮನೆಯ ಪಹಣಿಯನ್ನು ಓದಲು ಬಾರದಿದ್ದರೆ ಆ ವಿದ್ಯೆ ಅಪೂರ್ಣ. ಪಹಣಿ, ಖಾತೆ, ವಂಶವೃಕ್ಷ, ಖುಲಾಸೆ ಪತ್ರ ಈ ನಾಲ್ಕು ಕಾಗದಗಳನ್ನು ಓದಿ ಅರ್ಥಮಾಡಿಕೊಳ್ಳುವುದನ್ನು ಕನ್ನಡ ಅಧ್ಯಾಪಕರು ವರ್ಷಕ್ಕೆ ನಾಲ್ಕು ಪಾಠಗಳಲ್ಲಿ ಕಲಿಸಬಹುದು. ಇದಕ್ಕೆ ಪಠ್ಯಕ್ರಮದ ಅಪ್ಪಣೆ ಬೇಕಿಲ್ಲ. ಗಂಡುಹುಡುಗರೂ ಜೊತೆಯಲ್ಲಿ ಕುಳಿತು ಕಲಿಯಬೇಕು. ನಾಳೆ ಅಕ್ಕನ ಹೆಸರನ್ನು ಬರೆಯಬೇಕಾದವರು ಅವರೇ. ಹಳೆಯ ವಿದ್ಯಾರ್ಥಿಗಳಲ್ಲಿ ವಕೀಲರಿದ್ದಾರೆ, ಕಂದಾಯ ಇಲಾಖೆಯಲ್ಲಿ ದುಡಿದು ನಿವೃತ್ತರಾದವರಿದ್ದಾರೆ. ಅವರು ತಿಂಗಳಿಗೊಂದು ದಿನ ಶಾಲೆಯ ಜಗುಲಿಯಲ್ಲಿ ಕುಳಿತು ಊರಿನ ತಾಯಂದಿರ ಕಾಗದಗಳನ್ನು ಓದಿ ಹೇಳಿದರೆ ಅದಕ್ಕಿಂತ ಮಿಗಿಲಾದ ಗುರುದಕ್ಷಿಣೆ ಇಲ್ಲ. ದಾನಿಗಳ ಹೆಸರುಗಳನ್ನು ಶಿಲೆಯಲ್ಲಿ ಕೆತ್ತಿಸುವುದು ಸಂಪ್ರದಾಯ. ಆ ದಾನಿಗಳು ತಮ್ಮ ಹೆಣ್ಣುಮಕ್ಕಳ ಹೆಸರನ್ನು ಪಹಣಿಯಲ್ಲಿ ಬರೆಸಿದರೆ ಶಿಲೆಯಲ್ಲಿರುವ ಹೆಸರಿಗೂ ಶೋಭೆ. ಇನ್ನು, ಹೆಣ್ಣುಮಕ್ಕಳಿಗೆ ಪಾಠ ಹೇಳುವ ಸಂಸ್ಥೆಗಳ ಆಡಳಿತ ಮಂಡಳಿಯಲ್ಲಿ ಎಷ್ಟು ಮಂದಿ ಹೆಂಗಸರಿದ್ದಾರೆಂಬ ಲೆಕ್ಕವನ್ನು ಪ್ರತಿಯೊಂದು ಸಂಸ್ಥೆಯೂ ತಾನೇ ನೋಡಿಕೊಳ್ಳುವುದು ಶ್ರೇಯಸ್ಕರ. ಸರ್ಕಾರದ ಕಾಯಿದೆ ಬರುವವರೆಗೆ ಕಾಯಬೇಕಾದ ಅಗತ್ಯ ಶರಣಪರಂಪರೆಗಿಲ್ಲ.

ಆಯ್ದಕ್ಕಿ ಮಾರಯ್ಯನ ಕಥೆಯನ್ನು ಎಲ್ಲರೂ ಕೇಳಿರುವರು. ಮಹಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಹೆಂಡತಿಯಾದ ಲಕ್ಕಮ್ಮ ಅದನ್ನು ಮನೆಯೊಳಗೆ ಸೇರಿಸಲಿಲ್ಲ. ತಮಗೆ ಸಲ್ಲದುದನ್ನು ಇದ್ದ ಕಡೆಗೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಅಕ್ಕತಂಗಿಯರ ಪಾಲನ್ನೂ ತನ್ನ ಪಾಲಿನೊಡನೆ ಅಳೆದುಕೊಂಡು ಮನೆಗೆ ಬಂದ ಪ್ರತಿಯೊಬ್ಬ ಗೃಹಸ್ಥನ ಮಡಿಲಿನಲ್ಲಿಯೂ ಆ ಹೆಚ್ಚಿನ ಅಕ್ಕಿಯಿದೆ. ಭಾಗವೆಂಬ ಮಾತು ಹುಟ್ಟಿದ ಧಾತುವಿನಿಂದಲೇ ಭಕ್ತಿಯೆಂಬ ಮಾತೂ ಹುಟ್ಟಿದೆ. ಹಂಚಿಕೊಳ್ಳಲು ಒಲ್ಲದವನು ಭಕ್ತನೆಂಬ ಹೆಸರಿಗೆ ಹೇಗೆ ಸಲ್ಲುವನು? ಬರುವ ಗೌರಿಹಬ್ಬದಂದು ಬಾಗಿನದ ಮೊರವು ಎಂದಿನಂತೆ ಅಕ್ಕತಂಗಿಯರ ಮನೆಗೆ ಹೋಗಲಿ. ಅದರ ಮೊದಲು ಅವರ ಭಾಗವು ಅವರ ಹೆಸರಿಗೆ ಸೇರಿರಲಿ. ಆಗ ಬಾಗಿನವು ನಿಜವಾಗಿಯೂ ಬಾಗಿನವಾಗುತ್ತದೆ.